65ಕ್ಕೆ ಮುಂಚೆ ಮೆಡಿಕೇರ್: ಹಣ ಕಟ್ಟಿ ಸೇರಲು ಬಿಡಬಹುದೇ?

ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ತಾಲ್ಲೂಕು ಊರುಗಳಲ್ಲೂ ಬೇಕಾದಷ್ಟಿವೆ. ಅಂಥ ಮನೆಯ ಹಿರಿಯರು ರಕ್ತದೊತ್ತಡ ತೋರಿಸಿಕೊಳ್ಳಲು ಬಂದಾಗ ಮಾತು ಅಲ್ಲಿಯ ಆಸ್ಪತ್ರೆ ಖರ್ಚಿನ ಕಡೆಗೆ ಹೊರಳುವುದು ಸಹಜ. ‘ಅಲ್ಲಿ ವಯಸ್ಸಾದವರಿಗೆ ಸರ್ಕಾರದ್ದೇ ವಿಮೆ ಇದೆಯಂತಲ್ಲ ಡಾಕ್ಟ್ರೇ, ನಮ್ಮ ಮಗನಿಗೆ ಐವತ್ತೇಳು, ಕೆಲಸ ಹೋಗಿದೆ, ದುಡ್ಡು ಕಟ್ಟಿದರೆ ಅವನನ್ನು ಸೇರಿಸಿಕೊಳ್ಳುವುದಿಲ್ಲವೇ?’ ಎಂದು ಕೇಳಿದವರಿದ್ದಾರೆ.

ಸೇರಿಸಿಕೊಳ್ಳುವುದಿಲ್ಲ. ಏಕೆ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಬೇಕೆಂದು 1998ರಿಂದ ನಡೆದಿರುವ ಪ್ರಯತ್ನಗಳು ಎಲ್ಲಿ ಮುಗ್ಗರಿಸಿದವು ಎಂಬುದನ್ನು ಈ ವಾರ ನೋಡೋಣ. ಇದು ಆರೋಗ್ಯದ ಅಂಕಣ, ಇಲ್ಲಿ ರಾಜಕೀಯವೇಕೆ ಎಂದು ನೀವು ಕೇಳಬಹುದು. ಐವತ್ತೈದರಿಂದ ಅರವತ್ತೈದರವರೆಗಿನ ಹತ್ತು ವರ್ಷಗಳಲ್ಲಿ ಮನುಷ್ಯನ ಶರೀರದಲ್ಲಿ ಏನೇನು ಆಗುತ್ತದೆ ಎಂಬುದು ಪೂರ್ತಿ ವೈದ್ಯಕೀಯ ವಿಷಯ. ಆ ಹತ್ತು ವರ್ಷದ ಖರ್ಚನ್ನು ಯಾರು ಹೊರಬೇಕು ಎಂಬುದೇ ಅಲ್ಲಿಯ ಜಗಳ.

ಮೆಡಿಕೇರ್ ಎಂದರೇನು?

ಮೆಡಿಕೇರ್ ಎಂಬುದು ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಇದರ ಕಾನೂನಿಗೆ ಸಹಿ ಹಾಕಿದರು. ಆ ಕಾಲದಲ್ಲಿ ಅಲ್ಲಿಯ ವೃದ್ಧರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆಸ್ಪತ್ರೆ ವಿಮೆಯೇ ಇರಲಿಲ್ಲ. ಖಾಸಗಿ ಕಂಪನಿಗಳಿಗೆ ವಯಸ್ಸಾದವರು ಬೇಡವಾಗಿದ್ದರು. ಅಲ್ಲಿಯ ವೈದ್ಯರ ಸಂಘ ಈ ಯೋಜನೆಯನ್ನು ಕಟುವಾಗಿ ವಿರೋಧಿಸಿತ್ತು ಎಂಬುದನ್ನೂ ಹೇಳಬೇಕು. ನಮ್ಮ ವೃತ್ತಿಯವರ ದೂರದೃಷ್ಟಿ ಎಲ್ಲ ಕಾಲದಲ್ಲೂ ಒಂದೇ ಮಟ್ಟದಲ್ಲಿ ಇರುವುದಿಲ್ಲ.

1966ರ ಜುಲೈ 1ರಂದು ಯೋಜನೆ ಜಾರಿಗೆ ಬಂತು. ಇದರಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ‘ಎ’ ಭಾಗ ಆಸ್ಪತ್ರೆಗೆ ದಾಖಲಾದ ಖರ್ಚಿಗೆ. ದುಡಿಯುವ ಪ್ರತಿಯೊಬ್ಬರ ಸಂಬಳದಿಂದ ನೂರಕ್ಕೆ 1.45ರಷ್ಟನ್ನು ಮುರಿದುಕೊಂಡು, ಮಾಲೀಕರಿಂದಲೂ ಅಷ್ಟನ್ನೇ ಪಡೆದು ಈ ನಿಧಿಯನ್ನು ತುಂಬುತ್ತಾರೆ. ಹತ್ತು ವರ್ಷ, ಅಂದರೆ ಮೂರು ತಿಂಗಳಿಗೊಂದರಂತೆ ನಲವತ್ತು ಅವಧಿ, ಹೀಗೆ ತೆರಿಗೆ ಕಟ್ಟಿದವರಿಗೆ 65 ತುಂಬಿದ ಮೇಲೆ ‘ಎ’ ಭಾಗಕ್ಕೆ ಕಂತು ಇಲ್ಲ. ‘ಬಿ’ ಭಾಗ ವೈದ್ಯರ ಶುಲ್ಕ, ಪರೀಕ್ಷೆ ಮುಂತಾದ ಹೊರರೋಗಿ ಖರ್ಚಿಗೆ. ಇದಕ್ಕೆ ತಿಂಗಳ ಕಂತು ಇದೆ. 2025ರಲ್ಲಿ ಸಾಮಾನ್ಯ ವರಮಾನದವರಿಗೆ ಅದು 185 ಡಾಲರ್ ಇತ್ತು. ಔಷಧಿಗಳ ಭಾಗ ಬಹಳ ತಡವಾಗಿ, 2006ರಲ್ಲಿ ಸೇರಿತು. ಖಾಸಗಿ ಕಂಪನಿಗಳ ಮೂಲಕ ಎಲ್ಲವನ್ನೂ ಒಟ್ಟಿಗೆ ಪಡೆಯುವ ದಾರಿಯೂ ಇದೆ. ಅದರ ಗೋಜಲಿಗೆ ಇಲ್ಲಿ ಹೋಗುವುದು ಬೇಡ.

65 ಎಂಬ ಗೆರೆ

ಈ ವಯಸ್ಸನ್ನು ಯಾವ ವೈದ್ಯರೂ ಗೊತ್ತುಮಾಡಿದ್ದಲ್ಲ. 1935ರಲ್ಲಿ ಅಮೆರಿಕದ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದಾಗ 65 ಎಂದು ಇಟ್ಟರು, ಮೂವತ್ತು ವರ್ಷದ ನಂತರ ಮೆಡಿಕೇರ್ ಬಂದಾಗ ಅದನ್ನೇ ಎತ್ತಿಕೊಂಡರು. ಜರ್ಮನಿಯ ಬಿಸ್ಮಾರ್ಕ್ ಗೊತ್ತುಮಾಡಿದ ವಯಸ್ಸು ಇದು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿದೆ. ಅದೂ ಸರಿಯಲ್ಲ. 1889ರ ಜರ್ಮನ್ ಕಾನೂನಿನಲ್ಲಿ ಇದ್ದದ್ದು 70, ಅದನ್ನು 65ಕ್ಕೆ ಇಳಿಸಿದ್ದು 1916ರಲ್ಲಿ.

ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಈ ಗೆರೆಯ ಪರಿವೆ ಇಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಬಹಳಷ್ಟು ಜನರಲ್ಲಿ ಕಾಣಿಸಿಕೊಳ್ಳುವುದೇ ನಲವತ್ತು, ಐವತ್ತರ ಆಸುಪಾಸಿನಲ್ಲಿ. ಎದೆಯ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದು ಅದಕ್ಕೂ ಮುಂಚೆ. ನಮ್ಮ ಉಪಖಂಡದ ಮೂಲದವರಲ್ಲಂತೂ ಹೃದಯಾಘಾತ ಬಿಳಿಯರಿಗಿಂತ ಐದು ಹತ್ತು ವರ್ಷ ಮೊದಲೇ ಬರುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಕ್ಯಾಲಿಫೋರ್ನಿಯದಲ್ಲಿರುವ ನಮ್ಮವರಿಗೆ ಇದು ಬಿಟ್ಟದ್ದಲ್ಲ. ದೊಡ್ಡ ಕರುಳಿನ ಕ್ಯಾನ್ಸರಿನ ತಪಾಸಣೆಯನ್ನು 45ಕ್ಕೇ ಆರಂಭಿಸಿ ಎಂದು ಅಲ್ಲಿಯ ತಜ್ಞರ ಸಮಿತಿ 2021ರಲ್ಲಿ ಹೇಳಿತು. ತಪಾಸಣೆ ಬೇಕಾಗುವುದು 45ಕ್ಕೆ, ಸರ್ಕಾರದ ವಿಮೆ ಸಿಗುವುದು 65ಕ್ಕೆ. ನಡುವೆ ಇಪ್ಪತ್ತು ವರ್ಷ.

ಆ ಇಪ್ಪತ್ತು ವರ್ಷ ಹೆಚ್ಚಿನ ಅಮೆರಿಕನ್ನರನ್ನು ಕಾಯುವುದು ಕೆಲಸ ಕೊಟ್ಟ ಕಂಪನಿಯ ವಿಮೆ. ಕೆಲಸ ಇರುವ ತನಕ ತೊಂದರೆಯಿಲ್ಲ. ಐವತ್ತೆಂಟಕ್ಕೆ ಕೆಲಸ ಹೋದರೆ ವಿಮೆಯೂ ಹೋಯಿತು. ಆ ವಯಸ್ಸಿಗೆ ಹೊಸ ಕೆಲಸ ಸಿಗುವುದು ಕಷ್ಟ, ಕಾಯಿಲೆಗಳು ಬರುವುದು ಮಾತ್ರ ಸುಲಭ. 2014ಕ್ಕೆ ಮೊದಲು ಸ್ವಂತವಾಗಿ ವಿಮೆ ಕೊಳ್ಳಲು ಹೋದವರನ್ನು ‘ನಿಮಗೆ ಮೊದಲೇ ಸಕ್ಕರೆ ಕಾಯಿಲೆ ಇದೆ’ ಎಂದು ಹಲವು ಕಂಪನಿಗಳು ಬಾಗಿಲಲ್ಲೇ ತಡೆಯುತ್ತಿದ್ದವು. ಒಬಾಮ ಕಾಲದ 2010ರ ಕಾನೂನು ಅದನ್ನು ನಿಲ್ಲಿಸಿತು. ಆದರೂ 21 ವರ್ಷದವನಿಗೆ ಒಂದು ಡಾಲರ್ ಕಂತು ಇದ್ದರೆ 64ರವನಿಗೆ ಮೂರು ಡಾಲರ್ ತನಕ ಕೇಳಲು ಆ ಕಾನೂನು ಬಿಡುತ್ತದೆ.

ಕಾದು ಕುಳಿತವರ ಕಥೆ

ವಿಮೆಯಿಲ್ಲದೆ 65ರ ತನಕ ಕಾಯುವವರ ಶರೀರಕ್ಕೆ ಏನಾಗುತ್ತದೆ? ಇದನ್ನು ಅಲ್ಲಿಯ ಸಂಶೋಧಕರು ಚೆನ್ನಾಗಿ ಅಭ್ಯಾಸ ಮಾಡಿದ್ದಾರೆ. 65 ತುಂಬಿದ ದಿನ ಯಾರ ರಕ್ತನಾಳವೂ ದಿಢೀರನೆ ಬದಲಾಗುವುದಿಲ್ಲ. ಬದಲಾಗುವುದು ವಿಮೆ ಮಾತ್ರ. ಹಾಗಾಗಿ 64ರವರನ್ನೂ 65ರವರನ್ನೂ ಹೋಲಿಸಿದರೆ ವಿಮೆಯ ಪರಿಣಾಮ ಬೇರೆಯಾಗಿ ಕಾಣುತ್ತದೆ.

ಹಾರ್ವರ್ಡ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ನೋಡಿ. ಸಕ್ಕರೆ ಕಾಯಿಲೆ ಅಥವಾ ಹೃದಯ ರಕ್ತನಾಳದ ಕಾಯಿಲೆ ಇದ್ದು, ಮೊದಲು ವಿಮೆಯಿಲ್ಲದೆ ಇದ್ದವರ ಆರೋಗ್ಯ ಮೆಡಿಕೇರ್ ಸೇರಿದ ಮೇಲೆ ಸುಧಾರಿಸಿತು. ಇದು ನಿರೀಕ್ಷಿತವೇ. ಇನ್ನೊಂದು ಅಂಶ ಹೆಚ್ಚು ಮುಖ್ಯವಾದದ್ದು: ಇಂಥವರು ಮೆಡಿಕೇರ್ ಸೇರಿದ ನಂತರ, ಮೊದಲಿನಿಂದಲೂ ವಿಮೆ ಇದ್ದವರಿಗಿಂತ ಹೆಚ್ಚು ಬಾರಿ ವೈದ್ಯರನ್ನು ಕಂಡರು, ಹೆಚ್ಚು ಬಾರಿ ಆಸ್ಪತ್ರೆ ಸೇರಿದರು, ಅವರ ಮೇಲಿನ ಖರ್ಚೂ ಹೆಚ್ಚಾಯಿತು. ಐವತ್ತೆಂಟರಲ್ಲಿ ಮಾತ್ರೆಗೆ ಖರ್ಚು ಮಾಡದೆ ಉಳಿಸಿದ್ದನ್ನು ಅರವತ್ತಾರರಲ್ಲಿ ಆಸ್ಪತ್ರೆಗೆ ತೆತ್ತ ಹಾಗೆ. ಸಕ್ಕರೆ ಕಾಯಿಲೆಯ ಚಿಕಿತ್ಸೆ ಮಾಡುವ ಯಾವ ವೈದ್ಯರಿಗೂ ಇದರಲ್ಲಿ ಆಶ್ಚರ್ಯವಿಲ್ಲ. ಸಕ್ಕರೆ ಏರಿದ ದಿನ ನೋವಿರುವುದಿಲ್ಲ. ಕಣ್ಣಿನ ಪರದೆ, ಮೂತ್ರಪಿಂಡ, ಕಾಲಿನ ನರ ಇವು ಸದ್ದಿಲ್ಲದೆ ವರ್ಷಗಟ್ಟಲೆ ಹಾಳಾಗಿ, ಬಿಲ್ಲು ಬರುವಾಗ ಒಟ್ಟಿಗೇ ಬರುತ್ತದೆ.

2009ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಇನ್ನೂ ಗಂಭೀರವಾದುದನ್ನು ತೋರಿಸಿದರು. ತುರ್ತು ವಿಭಾಗದ ಮೂಲಕ, ಮುಂದೂಡಲಾಗದ ಕಾಯಿಲೆಗಾಗಿ ಕ್ಯಾಲಿಫೋರ್ನಿಯದ ಆಸ್ಪತ್ರೆಗಳಿಗೆ ದಾಖಲಾದವರಲ್ಲಿ, 65 ದಾಟಿದ ಕೂಡಲೇ ಮೊದಲ ಏಳು ದಿನದ ಸಾವಿನ ಪ್ರಮಾಣ ಸುಮಾರು ಐದನೇ ಒಂದು ಭಾಗದಷ್ಟು ಇಳಿಯಿತು. ಸ್ಟ್ಯಾನ್‌ಫೋರ್ಡ್‌ನ ವೈದ್ಯರು 2021ರಲ್ಲಿ ಕಂಡುಕೊಂಡದ್ದು ಇದಕ್ಕೆ ಸರಿಹೊಂದುತ್ತದೆ: ಶ್ವಾಸಕೋಶ, ಸ್ತನ, ಕರುಳು, ಪ್ರಾಸ್ಟೇಟ್ ಕ್ಯಾನ್ಸರ್‌ಗಳ ಪತ್ತೆ 64ರಿಂದ 65ಕ್ಕೆ ಒಮ್ಮೆಲೇ ಜಿಗಿಯುತ್ತದೆ. ಕ್ಯಾನ್ಸರ್ ಜನ್ಮದಿನ ನೋಡಿಕೊಂಡು ಹುಟ್ಟುವುದಿಲ್ಲ. ಇದ್ದ ಗಂಟನ್ನು ತೋರಿಸಿಕೊಳ್ಳಲು, ಮಾಡಿಸಬೇಕಾದ ಪರೀಕ್ಷೆ ಮಾಡಿಸಲು ಜನ ಕಾರ್ಡು ಬರಲಿ ಎಂದು ಕಾಯುತ್ತಾರೆ ಎಂದೇ ಇದರ ಅರ್ಥ.

65ರ ಒಳಗಿನವರು ಈಗಲೂ ಇದ್ದಾರೆ

ಮೆಡಿಕೇರ್ ಮುದುಕರಿಗೆ ಮಾತ್ರ ಎಂದು ತಿಳಿಯುವುದು ತಪ್ಪು. ಇಂದು ಅದರಲ್ಲಿರುವ ಆರೂವರೆ ಕೋಟಿಗೂ ಮಿಕ್ಕ ಜನರಲ್ಲಿ ಹತ್ತಕ್ಕೆ ಒಬ್ಬರಷ್ಟು 65ರ ಒಳಗಿನವರು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ಕಾನೂನು ತಿದ್ದಿ ಇಬ್ಬಗೆಯ ಜನರನ್ನು ಒಳಕ್ಕೆ ಬಿಟ್ಟರು. ಒಂದು, ಕೆಲಸ ಮಾಡಲಾಗದಷ್ಟು ಅಂಗವಿಕಲರಾಗಿ 24 ತಿಂಗಳು ಸರ್ಕಾರಿ ಭತ್ಯೆ ಪಡೆದವರು. ಎರಡು, ಯಾವುದೇ ವಯಸ್ಸಿನಲ್ಲಿ ಮೂತ್ರಪಿಂಡ ಪೂರ್ತಿ ವಿಫಲರಾದವರು. ಇದಕ್ಕೆ ತಾವೋ ಗಂಡನೋ ಹೆಂಡತಿಯೋ ತಂದೆತಾಯಿಯೋ ಅಲ್ಲಿ ದುಡಿದು ತೆರಿಗೆ ಕಟ್ಟಿರಬೇಕು.

ಎರಡನೆಯದರ ಹಿಂದೆ ಒಂದು ಪ್ರಸಂಗವಿದೆ. 1971ರ ನವೆಂಬರ್‌ನಲ್ಲಿ ಶೆಪ್ ಗ್ಲೇಜರ್ ಎಂಬ ರೋಗಿ ಅಲ್ಲಿಯ ಸಂಸತ್ತಿನ ಸಮಿತಿಯೊಂದರ ಎದುರು ಡಯಾಲಿಸಿಸ್ ಯಂತ್ರದೊಡನೆ ಬಂದು, ಸದಸ್ಯರು ನೋಡುತ್ತಿರುವಂತೆಯೇ ಕೆಲವು ನಿಮಿಷ ಡಯಾಲಿಸಿಸ್ ಮಾಡಿಸಿಕೊಂಡು ತಮ್ಮ ಕಷ್ಟ ಹೇಳಿದರು. ಆಗ ಆ ಯಂತ್ರದ ಚಿಕಿತ್ಸೆ ಅತಿ ದುಬಾರಿ. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂದು ಆರಿಸಲು ಕೆಲವು ಆಸ್ಪತ್ರೆಗಳಲ್ಲಿ ಸಮಿತಿಗಳೇ ಇದ್ದವು. 1973ರ ಜುಲೈನಿಂದ ಆ ಆಯ್ಕೆಯ ಅಗತ್ಯ ಹೋಯಿತು. ಆ ಪ್ರದರ್ಶನದಿಂದಲೇ ಕಾನೂನು ಬಂತೆಂದು ಹೇಳಲಾಗದು. ಆದರೆ ವಯಸ್ಸಿನ ಗೆರೆಯನ್ನು ಒಂದು ಕಾಯಿಲೆಯ ಮಟ್ಟಿಗೆ ಅಳಿಸಲು ಸಾಧ್ಯ ಎಂಬುದು ಅಂದೇ ರುಜುವಾತಾಯಿತು.

ಇದರ ಬಾಲವೊಂದು 2023ರವರೆಗೆ ಬೆಳೆದು ಬಂದಿದೆ. ಬದಲಿ ಮೂತ್ರಪಿಂಡ ಜೋಡಿಸಿದ ಯುವಕರಿಗೆ ಮೆಡಿಕೇರ್ 36 ತಿಂಗಳ ನಂತರ ನಿಂತುಹೋಗುತ್ತಿತ್ತು. ಜೋಡಿಸಿದ ಅಂಗವನ್ನು ಶರೀರ ತಿರಸ್ಕರಿಸದಂತೆ ತಡೆಯುವ ಮಾತ್ರೆಯಾದರೋ ಆ ಅಂಗ ಇರುವ ತನಕ ಬೇಕು. ಮಾತ್ರೆ ಕೊಳ್ಳಲಾಗದೆ ಕೆಲವರು ಮತ್ತೆ ಡಯಾಲಿಸಿಸ್‌ಗೆ ಬಂದು ಬೀಳುತ್ತಿದ್ದರು, ಆಗ ಮತ್ತೆ ಮೆಡಿಕೇರ್ ಹಣ ಕೊಡುತ್ತಿತ್ತು, ಮೊದಲಿಗಿಂತ ಹಲವು ಪಟ್ಟು! 2023ರ ಜನವರಿ 1ರಿಂದ, ಬೇರೆ ವಿಮೆಯಿಲ್ಲದ ಅಂಥವರು ತಿಂಗಳಿಗೆ ಕಂತು ಕಟ್ಟಿ, ಆ ಮಾತ್ರೆಗಳ ಮಟ್ಟಿಗೆ ಮೆಡಿಕೇರ್‌ನಲ್ಲಿ ಉಳಿಯಬಹುದು. ಮೊದಲ ವರ್ಷ ಕಂತು 97 ಡಾಲರ್ ಚಿಲ್ಲರೆ. ಕಿರಿಯರು ಹಣ ಕಟ್ಟಿ ಸರ್ಕಾರಿ ವಿಮೆಗೆ ಸೇರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಚಿಕ್ಕದು, ಆದರೆ ಇದೆ.

ಲೆಕ್ಕದ ಸುಳಿ

ಹಾಗಾದರೆ 55 ದಾಟಿದ ಯಾರು ಬೇಕಾದರೂ ಪೂರ್ತಿ ಕಂತು ಕಟ್ಟಿ ಸೇರಲಿ, ಸರ್ಕಾರಕ್ಕೇನು ನಷ್ಟ ಎಂದು ಕೇಳಬಹುದು. ಇಲ್ಲಿಯೇ ವಿಮೆಯ ಲೆಕ್ಕ ಅರ್ಥ ಮಾಡಿಕೊಳ್ಳಬೇಕು. ಸ್ವಲ್ಪ ತಾಳ್ಮೆಯಿಂದ ಓದಿ.

ಅರವತ್ತು ವರ್ಷದ ನೂರು ಜನ ಇದ್ದಾರೆನ್ನಿ. ಎಂಬತ್ತು ಮಂದಿ ಗಟ್ಟಿ, ಒಬ್ಬೊಬ್ಬರ ಚಿಕಿತ್ಸೆಗೆ ವರ್ಷಕ್ಕೆ 2,000 ಡಾಲರ್ ಸಾಕು. ಇಪ್ಪತ್ತು ಮಂದಿ ಕಾಯಿಲೆಯವರು, ಒಬ್ಬೊಬ್ಬರಿಗೆ 32,000 ಡಾಲರ್ ಬೇಕು. (ಇವು ಲೆಕ್ಕಕ್ಕೆಂದು ನಾನು ಇಟ್ಟುಕೊಂಡ ಅಂಕಿಗಳು.) ಒಟ್ಟು ಖರ್ಚು ಎಂಟು ಲಕ್ಷ, ತಲೆಗೆ 8,000. ನೂರೂ ಜನ ಸೇರಿದರೆ 8,000 ಕಂತು ಸಾಕು. ಆದರೆ ಸೇರುವುದು ಅವರವರ ಇಷ್ಟ. ಗಟ್ಟಿಯಾಗಿರುವವರಲ್ಲಿ ಅರ್ಧ ಜನ ‘ನನಗೆ 2,000 ಖರ್ಚು, ನಾನೇಕೆ 8,000 ಕಟ್ಟಲಿ’ ಎಂದು ಹೊರಗುಳಿಯುತ್ತಾರೆ. ಉಳಿದ ಅರವತ್ತು ಜನರ ಖರ್ಚು 7,20,000, ಅಂದರೆ ತಲೆಗೆ 12,000. ಮುಂದಿನ ವರ್ಷ ಕಂತು 12,000 ಎಂದ ಕೂಡಲೇ ಇನ್ನೂ ಮೂವತ್ತು ಗಟ್ಟಿ ಜನ ಹೊರಟರು. ಈಗ ಮೂವತ್ತು ಜನಕ್ಕೆ 6,60,000. ಕಂತು 22,000ಕ್ಕೆ ಏರಿತು. ಕೊನೆಗೆ ಉಳಿಯುವವರು ಕಾಯಿಲೆಯವರು ಮಾತ್ರ, ಅವರಿಗೂ ಕಂತು ಕಟ್ಟಲಾಗದು. ವಿಮೆಯವರು ಇದನ್ನು ಪ್ರತಿಕೂಲ ಆಯ್ಕೆ ಎನ್ನುತ್ತಾರೆ. ಮಳೆ ಶುರುವಾದ ಮೇಲೆ ಕೊಡೆ ಕೊಳ್ಳಲು ಬರುವವರೇ ಹೆಚ್ಚಾದರೆ ಕೊಡೆಯಂಗಡಿಗೆ ಲಾಭ, ವಿಮೆಗೆ ಮಾತ್ರ ಮುಳುಗಡೆ.

65 ದಾಟಿದವರ ‘ಬಿ’ ಭಾಗವೂ ಐಚ್ಛಿಕವೇ ಅಲ್ಲವೇ, ಅದೇಕೆ ಮುಳುಗಲಿಲ್ಲ? ಎರಡು ಕಾರಣ. ಅದರ ಖರ್ಚಿನಲ್ಲಿ ನೂರಕ್ಕೆ 25ರಷ್ಟು ಮಾತ್ರ ಸದಸ್ಯರ ಸಾಮಾನ್ಯ ಕಂತಿನ ಲೆಕ್ಕಕ್ಕೆ, ಉಳಿದದ್ದರಲ್ಲಿ ಬಹುಪಾಲು ಸರ್ಕಾರದ ಬೊಕ್ಕಸದ್ದು. ಗಟ್ಟಿಯಾಗಿರುವವನಿಗೂ ಅದು ಅಗ್ಗದ ಸಾಮಾನು. ಜೊತೆಗೆ, ಬೇರೆ ವಿಮೆಯಿಲ್ಲದೆ ತಡವಾಗಿ ಸೇರಿದರೆ ತಡವಾದ ಪ್ರತಿ 12 ತಿಂಗಳಿಗೆ ನೂರಕ್ಕೆ 10ರಷ್ಟು ದಂಡ, ಅದೂ ಸಾಮಾನ್ಯವಾಗಿ ಬದುಕಿರುವವರೆಗೆ. ಬೆಲ್ಲವೂ ಇದೆ, ಬೆತ್ತವೂ ಇದೆ. ಹೀಗಾಗಿ ಹೆಚ್ಚುಕಡಿಮೆ ಎಲ್ಲರೂ ಸೇರುತ್ತಾರೆ, ಲೆಕ್ಕ ಸರಿಹೋಗುತ್ತದೆ. ಕಿರಿಯರಿಗೆ ಬಾಗಿಲು ತೆರೆಯುವ ಯಾವ ಯೋಜನೆಯನ್ನಾದರೂ ಅಳೆಯಲು ಇದೇ ಅಳತೆಗೋಲು: ಗಟ್ಟಿಮುಟ್ಟಾದ 58 ವರ್ಷದವನು ಏಕೆ ಸೇರುತ್ತಾನೆ?

ಮುಗ್ಗರಿಸಿದ ಪ್ರಯತ್ನಗಳು

1998ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಒಂದು ಯೋಜನೆ ಮುಂದಿಟ್ಟರು. 62ರಿಂದ 64ರವರೆಗಿನವರು ತಿಂಗಳಿಗೆ ಸುಮಾರು 300 ಡಾಲರ್ ಕಟ್ಟಿ ಮೆಡಿಕೇರ್ ಸೇರಬಹುದು. ಕೆಲಸ ಕಳೆದುಕೊಂಡ 55ರಿಂದ 61ರವರು ಸುಮಾರು 400 ಡಾಲರ್ ಕಟ್ಟಿ ಸೇರಬಹುದು. ಮೇಲೆ ಹೇಳಿದ ಸುಳಿಯನ್ನು ಅವರ ಸಲಹೆಗಾರರು ಬಲ್ಲವರೇ. ಅದಕ್ಕಾಗಿ ಕಾಯಿಲೆಯವರಿಂದ ಆಗುವ ಹೆಚ್ಚುವರಿ ಖರ್ಚನ್ನು ಆಗಲೇ ವಸೂಲು ಮಾಡದೆ, ಅವರಿಗೆ 65 ತುಂಬಿದ ಮೇಲೆ ಸಣ್ಣ ಸಣ್ಣ ಕಂತಿನಲ್ಲಿ ಹಿಂದಕ್ಕೆ ಪಡೆಯುವ ಉಪಾಯ ಹೂಡಿದ್ದರು. ಬುದ್ಧಿವಂತಿಕೆಯ ಏರ್ಪಾಡು. ಆದರೆ ಕೆಲಸ ಕಳೆದುಕೊಂಡವನು ತಿಂಗಳಿಗೆ 400 ಡಾಲರ್ ಎಲ್ಲಿಂದ ತರಬೇಕು? ಗಂಡ ಹೆಂಡತಿ ಇಬ್ಬರೆಂದರೆ 800. ಸಂಸತ್ತು ಅದನ್ನು ಅಂಗೀಕರಿಸಲಿಲ್ಲ. ಹತ್ತು ವರ್ಷದ ನಂತರ, 2008ರ ಕೊನೆಯಲ್ಲಿ, ಸಂಸತ್ತಿನ ಬಜೆಟ್ ಕಚೇರಿ 62ರಿಂದ 64ರವರಿಗೆ ಸಹಾಯಧನವಿಲ್ಲದ ಕಂತನ್ನು ಲೆಕ್ಕ ಹಾಕಿದಾಗ ಅದು ವರ್ಷಕ್ಕೆ ಸುಮಾರು 7,600 ಡಾಲರಿಗೆ ಬಂದು ನಿಂತಿತ್ತು.

ಎಲ್ಲಕ್ಕಿಂತ ಹತ್ತಿರ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಒಬಾಮ ಅವರ ಆರೋಗ್ಯ ಮಸೂದೆ ಸೆನೆಟ್‌ನಲ್ಲಿತ್ತು. 55ರಿಂದ 64ರವರಿಗೆ ಹಣ ಕಟ್ಟಿ ಮೆಡಿಕೇರ್ ಸೇರಲು ಬಿಡುವುದೆಂದು ಆಳುವ ಪಕ್ಷದವರಲ್ಲಿ ರಾಜಿಯೊಂದು ಕುದುರಿತ್ತು. ಮಸೂದೆ ಮುಂದೆ ಸಾಗಲು 60 ಮತ ಬೇಕು, ಅವರ ಬಳಿ ಇದ್ದದ್ದೂ ಸರಿಯಾಗಿ 60. ಕನೆಕ್ಟಿಕಟ್‌ನ ಸೆನೆಟರ್ ಜೋ ಲೀಬರ್‌ಮನ್ ತಾವು ಒಪ್ಪುವುದಿಲ್ಲ ಎಂದರು. ಇದೇ ಲೀಬರ್‌ಮನ್ 2000ದ ಚುನಾವಣೆಯಲ್ಲಿ ಅಲ್ ಗೋರ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾಗ ಇಂಥದೇ ಯೋಜನೆ ಅವರ ಪಕ್ಷದ ಭರವಸೆಗಳಲ್ಲಿ ಇತ್ತು! ಕೆಲವೇ ದಿನಗಳಲ್ಲಿ ಆ ಭಾಗವನ್ನು ಕೈಬಿಟ್ಟರು. ಉಳಿದ ಮಸೂದೆ ಡಿಸೆಂಬರ್ 24ರಂದು ಸೆನೆಟ್‌ನಲ್ಲಿ ಅಂಗೀಕಾರವಾಗಿ 2010ರ ಮಾರ್ಚ್ 23ರಂದು ಕಾನೂನಾಯಿತು.

ಆ ಬಳಿಕ 2019ರಲ್ಲಿ ಸೆನೆಟರ್ ಡೆಬಿ ಸ್ಟಾಬೆನೌ 50 ದಾಟಿದವರಿಗೆ ಬಾಗಿಲು ತೆರೆಯುವ ಮಸೂದೆ ತಂದರು. 2020ರ ಚುನಾವಣೆಯಲ್ಲಿ ಬೈಡನ್ ವಯಸ್ಸನ್ನು 60ಕ್ಕೆ ಇಳಿಸುವ ಮಾತಾಡಿದರು. ಎರಡೂ ಕಾನೂನಾಗಲಿಲ್ಲ.

ಆಸ್ಪತ್ರೆಗಳ ವಿರೋಧಕ್ಕೆ ಕಾರಣ ಸರಳ. ಒಂದೇ ಚಿಕಿತ್ಸೆಗೆ ಖಾಸಗಿ ವಿಮಾ ಕಂಪನಿಗಳು ಮೆಡಿಕೇರ್‌ಗಿಂತ ಸರಾಸರಿ ಎರಡು ಪಟ್ಟಿಗೂ ಹೆಚ್ಚು ಕೊಡುತ್ತವೆ. 60 ವರ್ಷದ ರೋಗಿ ಖಾಸಗಿ ವಿಮೆ ಬಿಟ್ಟು ಮೆಡಿಕೇರ್‌ಗೆ ಹೋದರೆ ಆಸ್ಪತ್ರೆಯ ವರಮಾನ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ದೊಡ್ಡ ನಗರದ ಆಸ್ಪತ್ರೆ ತಾಳಿಕೊಂಡೀತು. ಹಳ್ಳಿಗಾಡಿನ ಸಣ್ಣ ಆಸ್ಪತ್ರೆಯ ಭಯ ಪೂರ್ತಿ ಸುಳ್ಳಲ್ಲ. ಮೆಡಿಕೇರ್‌ನ ಆಸ್ಪತ್ರೆ ನಿಧಿಯೇ 2033ರ ಹೊತ್ತಿಗೆ ಸಾಲದಾಗುತ್ತದೆಂದು 2025ರ ಅಧಿಕೃತ ವರದಿ ಹೇಳಿದೆ, ಇನ್ನೂ ಜನರನ್ನು ಸೇರಿಸುವುದೇ ಎಂಬ ಆಕ್ಷೇಪವೂ ಇದೆ. ಇದು ಅರ್ಧ ಸತ್ಯ. ಕಿರಿಯರ ಲೆಕ್ಕವನ್ನು ಬೇರೆ ಖಾತೆಯಲ್ಲಿ ಇಡುವಂತೆ ಮಸೂದೆ ಬರೆಯಬಹುದು.

ಇನ್ನೊಂದು ವಿಚಿತ್ರ ನೋಡಿ. ವಯಸ್ಸಾದವರು ಹೊರಟುಹೋದರೆ ಖಾಸಗಿ ವಿಮೆಯಲ್ಲಿ ಉಳಿಯುವ ಯುವಕರ ಕಂತು ಇಳಿಯಬೇಕಲ್ಲವೇ? ರ‍್ಯಾಂಡ್ ಸಂಸ್ಥೆಯವರು 2019ರಲ್ಲಿ ಅಂದಾಜು ಮಾಡಿದಾಗ ಕಂಡದ್ದು ತಿರುವುಮುರುವು: ಕಂತು ಕೊಂಚ ಏರುತ್ತದೆ. 50 ದಾಟಿದವರು ಕಟ್ಟುವ ಮೂರು ಪಟ್ಟು ಕಂತು ಅವರ ಖರ್ಚಿಗೆ ಸಾಕಾಗಿ ಸ್ವಲ್ಪ ಉಳಿಯುತ್ತಿತ್ತು, ಆ ಉಳಿಕೆ ಕೈತಪ್ಪುತ್ತದೆ ಎಂಬುದು ಇದರ ತಾತ್ಪರ್ಯ. ವಿಮೆಯಲ್ಲಿ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ವೈದ್ಯಕೀಯವಾಗಿ 55ಕ್ಕೆ ಬಾಗಿಲು ತೆರೆಯುವುದೇ ಸರಿ. ಆ ಹತ್ತು ವರ್ಷದ ಚಿಕಿತ್ಸೆ ಮುಂದಿನ ಇಪ್ಪತ್ತು ವರ್ಷದ ಆರೋಗ್ಯವನ್ನು ನಿರ್ಧರಿಸುತ್ತದೆ. ಆದರೆ ಪೂರ್ತಿ ಕಂತು ನೀವೇ ಕಟ್ಟಿಕೊಳ್ಳಿ ಎಂದು ಬಾಗಿಲು ತೆರೆದರೆ ಒಳಗೆ ಬರುವವರು ಹಣವಿರುವ ರೋಗಿಗಳು ಮಾತ್ರ. ಕೆಲಸ ಹೋಗಿ, ಸಕ್ಕರೆ ಏರಿ, ಮಾತ್ರೆಯನ್ನು ಮುರಿದು ಅರ್ಧರ್ಧ ನುಂಗುತ್ತಿರುವವನು ಹೊರಗೇ ಉಳಿಯುತ್ತಾನೆ. ವರಮಾನ ನೋಡಿ ಕಂತಿಗೆ ನೆರವು, ಸೇರಲು ಗೊತ್ತಾದ ಅವಧಿ, ತಡಮಾಡಿದರೆ ದಂಡ, ಈ ಮೂರೂ ಇಲ್ಲದ ಯೋಜನೆ ನಿಲ್ಲಲಾರದು. ಮೆಡಿಕೇರ್‌ನಲ್ಲಿ ಹಲ್ಲು, ಕನ್ನಡಕ, ಕಿವಿಯ ಯಂತ್ರಕ್ಕೆ ಸಾಮಾನ್ಯವಾಗಿ ಹಣವಿಲ್ಲ, ‘ಬಿ’ ಭಾಗದ ಖರ್ಚಿನಲ್ಲಿ ಐದನೇ ಒಂದು ಭಾಗ ರೋಗಿಯ ತಲೆಗೇ ಬರುತ್ತದೆ, ಅದಕ್ಕೆ ಮೇಲ್ಮಿತಿಯೂ ಇಲ್ಲ ಎಂಬುದನ್ನೂ ಮರೆಯಬಾರದು.

ನಮ್ಮ ಮನೆಗಳಿಗೆ ಬೇಕಾದ ಮಾಹಿತಿ

ಅಲ್ಲಿರುವ ನಿಮ್ಮ ಮಗನಿಗೆ 65 ಆಗಿಲ್ಲ, ಕೆಲಸ ಹೋಗಿದೆ ಎಂದರೆ ಅವನ ಮುಂದೆ ಈಗ ಇರುವ ದಾರಿಗಳು ಇವು. ಹಳೆಯ ಕಂಪನಿಯ ವಿಮೆಯನ್ನೇ, ಸಾಮಾನ್ಯವಾಗಿ 18 ತಿಂಗಳವರೆಗೆ, ಪೂರ್ತಿ ಹಣವನ್ನು ತಾನೇ ಕಟ್ಟಿ ಮುಂದುವರಿಸಬಹುದು. ದುಬಾರಿ, ಆದರೆ ಚಿಕಿತ್ಸೆಯ ನಡುವೆ ಇರುವವರಿಗೆ ವೈದ್ಯರನ್ನು ಬದಲಿಸಬೇಕಾಗುವುದಿಲ್ಲ. ಅಥವಾ 2010ರ ಕಾನೂನಿನಂತೆ ಏರ್ಪಟ್ಟ ವಿಮಾ ಮಾರುಕಟ್ಟೆಯಲ್ಲಿ, ಹಳೆಯ ವಿಮೆ ನಿಂತ 60 ದಿನಗಳ ಒಳಗೆ, ಹೊಸದನ್ನು ಕೊಳ್ಳಬಹುದು. ಆ 60 ದಿನ ತಪ್ಪಿದರೆ ವರ್ಷದ ಕೊನೆಯ ನೋಂದಣಿ ಕಾಲಕ್ಕೆ ಕಾಯಬೇಕು. ಇದಕ್ಕೆ ಸಿಗುತ್ತಿದ್ದ ಸಹಾಯಧನವನ್ನು 2021ರಲ್ಲಿ ಹೆಚ್ಚಿಸಿದ್ದರು, ಆ ಹೆಚ್ಚಳಕ್ಕೆ ಕಾನೂನು ಕೊಟ್ಟ ಗಡುವು 2025ರ ಕೊನೆಯವರೆಗೆ ಮಾತ್ರ. ಆದ್ದರಿಂದ ಹಿಂದಿನ ವರ್ಷ ಯಾರೋ ಕಟ್ಟಿದ ಕಂತನ್ನು ನಂಬಿ ಲೆಕ್ಕ ಹಾಕಬೇಡಿ. ವರಮಾನ ತೀರ ಕಡಿಮೆಯಾದರೆ ಮೆಡಿಕೇಡ್ ಎಂಬ ಬೇರೆಯೇ ಯೋಜನೆ ಇದೆ, ಅದರ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

‘ಮಗ ತೆರಿಗೆ ಕಟ್ಟುತ್ತಾನೆ, ಆ ಲೆಕ್ಕದಲ್ಲಿ ನಮಗೆ ಮೆಡಿಕೇರ್ ಬರುವುದಿಲ್ಲವೇ?’ ಎಂದು ತಂದೆತಾಯಿಗಳು ಕೇಳುವುದುಂಟು. ಬರುವುದಿಲ್ಲ. ದುಡಿದವರ ಗಂಡ ಅಥವಾ ಹೆಂಡತಿಗೆ ಆ ಲೆಕ್ಕ ಸಿಗುತ್ತದೆ, ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಸಿಗದು. ಆದರೆ ಇಲ್ಲಿ ಹಣ ಕಟ್ಟಿ ಸೇರುವ ದಾರಿ ನಿಜವಾಗಿಯೂ ಇದೆ. ಗ್ರೀನ್ ಕಾರ್ಡ್ ಪಡೆದು, 65 ತುಂಬಿ, ಅಲ್ಲಿ ಸತತ ಐದು ವರ್ಷ ವಾಸವಿದ್ದರೆ ಎರಡೂ ಭಾಗಗಳನ್ನು ಕೊಳ್ಳಬಹುದು. 2025ರ ದರದಲ್ಲಿ ‘ಎ’ ಭಾಗಕ್ಕೆ 518, ‘ಬಿ’ ಭಾಗಕ್ಕೆ 185, ಒಟ್ಟು ತಿಂಗಳಿಗೆ 703 ಡಾಲರ್, ಅದೂ ಒಬ್ಬರಿಗೆ. ಸರ್ಕಾರದ ನೆರವಿಲ್ಲದ ‘ಎ’ ಭಾಗದ ಬೆಲೆಗೂ ನೆರವಿರುವ ‘ಬಿ’ ಭಾಗದ ಬೆಲೆಗೂ ಇರುವ ಅಂತರವನ್ನು ನೋಡಿದರೆ ಮೇಲೆ ವಿವರಿಸಿದ ಲೆಕ್ಕ ಕಣ್ಣಿಗೇ ಕಾಣುತ್ತದೆ. ‘ಬಿ’ ಭಾಗ ಒಂದನ್ನೇ ಕೊಳ್ಳಲೂ ಅವಕಾಶವಿದೆ. ದರಗಳು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ.

ಎಚ್-1ಬಿ ವೀಸಾದಲ್ಲಿ ಏಳೆಂಟು ವರ್ಷ ದುಡಿದು ಹಿಂದಿರುಗಿದವರು ಮೆಡಿಕೇರ್ ತೆರಿಗೆ ಕಟ್ಟಿರುತ್ತಾರೆ, ಆದರೆ ನಲವತ್ತು ಅವಧಿ ತುಂಬಿರುವುದಿಲ್ಲ. ತುಂಬಿದ್ದರೂ, ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಆಸ್ಪತ್ರೆ ಸೇರಿದರೆ ಮೆಡಿಕೇರ್ ಹಣ ಕೊಡುವುದಿಲ್ಲ. ಕೆಲವು ಅಪರೂಪದ ಸಂದರ್ಭ ಬಿಟ್ಟರೆ ಅದು ಅಮೆರಿಕದ ಗಡಿಯೊಳಗೆ ಮಾತ್ರ. ಊರಿಗೆ ಬಂದು ನೆಲೆಸುವವರು ಇಲ್ಲಿಯ ವಿಮೆಯನ್ನು ಐವತ್ತರ ಒಳಗೇ, ಕಾಯಿಲೆ ಇಲ್ಲದಾಗಲೇ, ಮಾಡಿಸಿಟ್ಟುಕೊಳ್ಳುವುದು ಲೇಸು.

ಆರು ತಿಂಗಳ ಮಟ್ಟಿಗೆ ಮೊಮ್ಮಕ್ಕಳನ್ನು ನೋಡಲು ಹೋಗುವ ಅಜ್ಜ ಅಜ್ಜಿಯರಿಗೆ ಮೆಡಿಕೇರ್ ಇಲ್ಲವೇ ಇಲ್ಲ. ಪ್ರವಾಸದ ವಿಮೆ ಕೊಳ್ಳುವಾಗ ಮೊದಲೇ ಇರುವ ಕಾಯಿಲೆಗೆ ಎಷ್ಟು ಹಣ ಕೊಡುತ್ತಾರೆ ಎಂಬ ಒಂದು ಸಾಲನ್ನು ಹುಡುಕಿ ಓದಿ. ಹಲವು ವಿಮೆಗಳಲ್ಲಿ ಅದು ಶೂನ್ಯ ಅಥವಾ ಅತ್ಯಲ್ಪ. ಹೊರಡುವ ಒಂದು ತಿಂಗಳ ಮೊದಲು ರಕ್ತದೊತ್ತಡ, ಸಕ್ಕರೆ, ಇಸಿಜಿ ಪರೀಕ್ಷೆ ಮಾಡಿಸಿ. ಹಲ್ಲು ನೋವಿದ್ದರೆ ಇಲ್ಲೇ ತೆಗೆಸಿಕೊಂಡು ಹೋಗಿ. ಅಲ್ಲಿರುವಷ್ಟು ದಿನಕ್ಕೂ ಬೇಕಾಗುವ ಮಾತ್ರೆಗಳನ್ನು ಅಂಗಡಿಯ ಬಿಲ್ಲಿನ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳಿ, ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಅಚ್ಚುಕಟ್ಟಾಗಿ ಬರೆದುಕೊಡುವಂತೆ ನಿಮ್ಮ ವೈದ್ಯರನ್ನು ಕೇಳಿ. ಇಲ್ಲಿಯ ಕಂಪನಿ ಹೆಸರುಗಳು ಅಲ್ಲಿಯ ಔಷಧಿ ಅಂಗಡಿಯವರಿಗೆ ಗೊತ್ತಾಗುವುದಿಲ್ಲ.